ಅತ್ತೆಯ ಉಸಿರೂ ಚಿಕ್ಕತ್ತೆಯ ಜಗಳವೂ

ಯಾರೂ ಹೇಳಿಕೊಡದೆ ನಾವೆಲ್ಲ ಕಲಿತುಕೊಂಡ ಕೆಲಸ ಒಂದಿದ್ದರೆ ಅದು ಉಸಿರಾಡುವುದು. ಅದಕ್ಕೇ ಇರಬೇಕು, ಅದರ ಮೇಲೆ ನಮಗೆ ಎಳ್ಳಷ್ಟೂ ಮರ್ಯಾದೆಯಿಲ್ಲ. ಮಗು ಮೊದಲ ಹೆಜ್ಜೆಯಿಟ್ಟರೆ ಫೋಟೊ ತೆಗೆಯುತ್ತೇವೆ, ಮೊದಲ ಮಾತಾಡಿದರೆ ನೆಂಟರಿಗೆಲ್ಲ ಫೋನು ಮಾಡುತ್ತೇವೆ. "ನಮ್ಮ ಪಾಪು ಇವತ್ತು ಎಷ್ಟು ಚೆನ್ನಾಗಿ ಉಸಿರಾಡಿತು ಗೊತ್ತಾ" ಎಂದು ಯಾವ ತಾಯಿಯೂ ಹೇಳಿಕೊಂಡಿದ್ದನ್ನು ನಾನು ಕೇಳಿಲ್ಲ. ನಾನೂ ಇದಕ್ಕೆ ಹೊರತಲ್ಲ. ಮುಳಬಾಗಿಲಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು ನಾನು. ಒಂದು ಸಲ ನಮ್ಮ ಶಿಕ್ಷಕರಿಗೆಲ್ಲ ಪ್ರಾಣಾಯಾಮದ ತರಬೇತಿ ಇಟ್ಟಿದ್ದರು. ಕಣ್ಣು ಮುಚ್ಚಿ, ಉಸಿರು ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಸುಮ್ಮನೆ ಗಮನಿಸಿ ಅಂದರು. ಗಮನಿಸುತ್ತ ಗಮನಿಸುತ್ತ ನಾನು ನಿದ್ದೆ ಹೋದೆ. ಪಕ್ಕದಲ್ಲಿದ್ದ ಹಿಂದಿ ಟೀಚರು ತಿವಿದು ಎಬ್ಬಿಸಿದಾಗ ಕಾರ್ಯಕ್ರಮ ವಂದನಾರ್ಪಣೆಗೆ ಬಂದು ನಿಂತಿತ್ತು. ಇಂಥ ನಾನು ಹೋದ ಬೇಸಿಗೆ ರಜೆಯಲ್ಲಿ ಒಬ್ಬರಿಗೆ ಉಸಿರಾಡುವುದನ್ನು ಹೇಳಿಕೊಡುವ ಕೆಲಸಕ್ಕೆ ಬಿದ್ದೆ.

ಆ ಒಬ್ಬರು ನಮ್ಮತ್ತೆ ಮುನಿರತ್ನಮ್ಮ. ತಾಯಲೂರಿನ ಪಕ್ಕದ ಒಂದು ಹಳ್ಳಿಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳ, ಹಸು, ಗಂಡ ಇಷ್ಟನ್ನೂ ಸಾಕಿಕೊಂಡು ಬಂದ ಹೆಂಗಸು. ಈ ಅನುಕ್ರಮ ನನ್ನದಲ್ಲ, ಅವರದೇ. ಮಾವನವರೂ ಇದಕ್ಕೆ ಎಂದೂ ತಕರಾರು ಮಾಡಿದವರಲ್ಲ. ಅತ್ತೆಯ ಗಂಟಲೆಂದರೆ ಸುತ್ತಮುತ್ತ ಹೆಸರುವಾಸಿ. ಹುಳದ ಮನೆಯ ಬಾಗಿಲಲ್ಲಿ ನಿಂತು "ಸೊಪ್ಪು ತಗಂಡ್ ಬನ್ನೀ" ಎಂದು ಒಂದು ಕೂಗು ಹಾಕಿದರೆ ತೋಟದ ಆ ತುದಿಯಲ್ಲಿದ್ದ ಮಾವನವರಷ್ಟೇ ಅಲ್ಲ, ಪಕ್ಕದ ಹೊಲದಲ್ಲಿ ಟೊಮೇಟೊ ಕೀಳುತ್ತಿದ್ದವರೂ ಒಂದು ಗಳಿಗೆ ತಮ್ಮನ್ನೇ ಕರೆದರೇನೋ ಎಂದು ತಲೆಯೆತ್ತುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅವರು ಮಾತಾಡುತ್ತಿದ್ದಾರೋ ಬೈಯುತ್ತಿದ್ದಾರೋ ತಿಳಿಯದೆ ಕಂಗಾಲಾಗುತ್ತಿದ್ದೆ. ಅತ್ತೆ ಗಟ್ಟಿಯಾಗಿ ಮಾತಾಡಿದರೆ ಎಲ್ಲ ಸರಿಯಾಗಿದೆ ಎಂದು ಅರ್ಥ, ಸುಮ್ಮನಾದರೆ ಮಾತ್ರ ಹೆದರಬೇಕು ಎಂದು ಆಮೇಲೆ ಇವರು, ಅಂದರೆ ನನ್ನ ಗಂಡ ಮಂಜುನಾಥ, ಹೇಳಿಕೊಟ್ಟರು.

ಹಾಗೆ ಹೆದರುವ ದಿನ ಬಂದೇ ಬಂತು. ಸೊಪ್ಪಿನ ಹೊರೆ ಇಳಿಸಿದ ಅತ್ತೆ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತರು, ಕೂಗಲಿಲ್ಲ. ಕೋಲಾರದ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ರಕ್ತನಾಳ ಕಟ್ಟಿಕೊಂಡಿದೆ, ಎದೆ ತೆರೆದು ಆಪರೇಷನ್ ಮಾಡಬೇಕು ಅಂದರು. ಮಾಡಿದರು. ದೇವರು ದೊಡ್ಡವನು, ಡಾಕ್ಟರುಗಳೂ ದೊಡ್ಡವರೇ, ಗುಂಡಿಗೆ ಸರಿಹೋಯಿತು. ಆದರೆ ಹಳ್ಳಿಯ ಮನೆಯಲ್ಲಿ ಧೂಳು, ದನ, ಹುಳದ ಮನೆಯ ಔಷಧಿಯ ಘಾಟು. ಒಂದಷ್ಟು ದಿನ ಅಲ್ಲಿಗೆ ಬೇಡ ಎಂದು ನಮ್ಮ ಮುಳಬಾಗಿಲಿನ ಬಾಡಿಗೆ ಮನೆಗೇ ಕರೆತಂದೆವು. ಇವರಿಗೆ ಕೋಲಾರದಲ್ಲಿ ಬ್ಯಾಂಕಿನ ಕೆಲಸ. ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಮಾವನವರು ಹಸು ಬಿಟ್ಟು ಬರುವ ಹಾಗಿಲ್ಲ. ಹಾಗಾಗಿ ಹಗಲಿಡೀ ನಾನು, ಅತ್ತೆ, ಮತ್ತು ಆ ಮೂರು ಗುಂಡುಗಳು.

ಗುಂಡುಗಳ ವಿಷಯ ಹೇಳಬೇಕು. ಆಸ್ಪತ್ರೆಯಿಂದ ಬಿಡುವ ದಿನ ಫಿಸಿಯೋಥೆರಪಿಯ ಹುಡುಗಿಯೊಬ್ಬಳು ಬಂದು ಮಂಚದ ಮೇಲೆ ಒಂದು ಪ್ಲಾಸ್ಟಿಕ್ಕಿನ ಸಾಮಾನು ಇಟ್ಟಿದ್ದಳು. ಗಾಜಿನ ಹಾಗೆ ಕಾಣುವ ಮೂರು ಕೊಳವೆ, ಒಂದೊಂದರ ತಳದಲ್ಲೂ ಒಂದು ಬಣ್ಣದ ಗುಂಡು, ಪಕ್ಕಕ್ಕೆ ಒಂದು ಪೈಪು. ಪೈಪನ್ನು ತುಟಿಯಲ್ಲಿ ಹಿಡಿದು ನಿಧಾನವಾಗಿ ಉಸಿರು ಎಳೆದುಕೊಂಡರೆ ಗುಂಡು ಮೇಲೇಳುತ್ತದೆ. ಉಸಿರು ಜಾಸ್ತಿಯಾದ ಹಾಗೆ ಎರಡನೆಯದು, ಮೂರನೆಯದು. "ಆಪರೇಷನ್ ಆದೋರು ನೋವಿಗೆ ಹೆದರಿ ಮೇಲ್ಮೇಲೇ ಉಸಿರಾಡ್ತಾರಮ್ಮ. ಆಗ ಶ್ವಾಸಕೋಶದ ತಳಕ್ಕೆ ಗಾಳಿ ಹೋಗಲ್ಲ, ಕಫ ಕಟ್ಕೊಳ್ಳುತ್ತೆ. ಎಚ್ಚರ ಇದ್ದಾಗೆಲ್ಲ ಗಂಟೆಗೊಂದ್ಸಲ ಇದನ್ನ ಮಾಡ್ಬೇಕು. ಕೆಮ್ಮು ಬಂದ್ರೆ ತಡೀಬಾರ್ದು, ದಿಂಬನ್ನ ಎದೆಗೆ ಒತ್ತಿ ಹಿಡ್ಕೊಂಡು ಚೆನ್ನಾಗಿ ಕೆಮ್ಮಿಬಿಡ್ಬೇಕು," ಅಂದಳು.

ಅತ್ತೆ ಆ ಸಾಮಾನನ್ನೊಮ್ಮೆ ಆ ಹುಡುಗಿಯನ್ನೊಮ್ಮೆ ನೋಡಿ, ಇದ್ದಬದ್ದ ದನಿಯಲ್ಲೇ, "ಅಲ್ಲ ಕಣಮ್ಮ, ಉಸಿರಾಡೋದ್ ಕಲಿಯಾಕೆ ನಾನು ಬೆಂಗಳೂರ್ ಗಂಟ ಬರ್ಬೇಕಾಗಿತ್ತಾ? ನಿಮ್ಮಮ್ಮ ಹುಟ್ಟೋಕ್ ಮುಂಚಿಂದ ಆಡ್ತಾ ಇದೀನಿ," ಅಂದರು. ಹುಡುಗಿ ನಕ್ಕು ನನ್ನ ಕಡೆ ತಿರುಗಿದಳು. "ನೀವು ಟೀಚರ್ ಅಲ್ವಾ ಮೇಡಂ, ನೀವೇ ಮಾಡಿಸ್ಬಿಡ್ತೀರಿ." ಆ ಕ್ಷಣದಲ್ಲಿ ನನಗೂ ಹಾಗೇ ಅನ್ನಿಸಿತು. ಟೀಚರು ಅನ್ನಿಸಿಕೊಂಡವರಿಗೆ ಇದೊಂದು ಕಾಯಿಲೆ, ಎದುರಿಗೆ ಕೂತವರೆಲ್ಲ ವಿದ್ಯಾರ್ಥಿಗಳ ಹಾಗೆ ಕಾಣುತ್ತಾರೆ.

ಮನೆಗೆ ಬಂದ ಮೇಲೆ ನನ್ನ ಪಾಠ ಶುರುವಾಯಿತು. ಅತ್ತೆಯನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ ಪೈಪು ಬಾಯಿಗಿಟ್ಟೆ. ಅವರು ಊದಿದರು. "ಊದಬಾರದು ಅತ್ತೆ, ಎಳ್ಕೋಬೇಕು," ಅಂದೆ. "ಪೈಪ್ ಅಂದ್ಮೇಲೆ ಊದಕ್ಕೇ ಅಲ್ವಾ ಇರೋದು? ಒಲೆ ಊದ್ತಿರ್ಲಿಲ್ವಾ ನಾವು?" ಅಂದರು. ಎಳೆದುಕೊಳ್ಳುವುದನ್ನು ತೋರಿಸಿದೆ. ಗಿಣಿ ನೀರು ಕುಡಿದಷ್ಟು ಎಳೆದುಕೊಂಡರು. ಮೊದಲನೇ ಗುಂಡು ಒಂದು ಸಲ ಅಲ್ಲಾಡಿ, ತನಗೂ ಮೈ ಸರಿಯಿಲ್ಲ ಎಂಬಂತೆ ಮತ್ತೆ ಕೂತಿತು. "ಆಯ್ತು, ತಗೋ," ಎಂದು ಪೈಪು ನನ್ನ ಕೈಗೆ ಕೊಟ್ಟರು. ಗಂಟೆಗೊಮ್ಮೆ ಇದೇ ನಾಟಕ. ಸಂಜೆ ಇವರು ಬ್ಯಾಂಕಿನಿಂದ ಬಂದು, "ನೋಡಮ್ಮ, ಹಿಂಗೆ," ಎಂದು ಅದೇ ಪೈಪು ಬಾಯಿಗಿಟ್ಟು ಒಂದೇ ಎಳೆತಕ್ಕೆ ಮೂರೂ ಗುಂಡು ಎತ್ತಿ ತೋರಿಸಿದರು. ಅತ್ತೆ ಮಗನ ತಲೆ ನೇವರಿಸಿ, "ನಿಂದು ಚೆನ್ನಾಗೈತಲ್ಲ, ಬಿಡು. ಇನ್ನೇನು ಬೇಕು ನಂಗೆ," ಎಂದು ಮಲಗಿಕೊಂಡರು. ನಾನು ಇವರನ್ನು ಬೈದು ಪೈಪನ್ನು ಬಿಸಿನೀರಿನಲ್ಲಿ ತೊಳೆದೆ.

ತೊಳೆಯುವ ಕೆಲಸ ಅಲ್ಲಿಗೇ ಮುಗಿಯಲಿಲ್ಲ. ನೋಡಲು ಬಂದವರೆಲ್ಲ ಕಿಟಕಿಯಲ್ಲಿದ್ದ ಆ ಸಾಮಾನನ್ನು ಕಂಡು, "ಇದೇನಿದು?" ಎಂದು ಕೈಗೆತ್ತಿಕೊಳ್ಳುವವರೇ. ಮನೆ ಮಾಲೀಕರು ಅತ್ತೆಯ ಆರೋಗ್ಯ ಕೇಳಲು ಬಂದವರು, ಕೇಳುವುದನ್ನು ಮರೆತು ಕೆನ್ನೆ ಒಳಕ್ಕೆ ಹೋಗುವ ಹಾಗೆ ಎಳೆದು, "ಮೂರೂ ಬಂತು ನೋಡಿ ಮೇಡಂ! ಈ ವಯಸ್ಸಲ್ಲಿ!" ಎಂದು ಖುಷಿಯಿಂದ ಮನೆಗೆ ಹೋದರು. ಆವತ್ತೇ ಹೊಸ ಪೈಪು ತರಿಸಿ, ಇಡೀ ಸಾಮಾನನ್ನು ಅಡುಗೆಮನೆಯಲ್ಲಿ ರಾಗಿಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟೆ. ಲಂಚವನ್ನೂ ಪ್ರಯತ್ನಿಸಿದೆ. ಶ್ರೀನಿವಾಸಪುರದಿಂದ ನನ್ನ ಅಣ್ಣ ಮಾವಿನಹಣ್ಣು ಕಳಿಸಿದ್ದ. ಒಂದು ಗುಂಡೆತ್ತಿದರೆ ಒಂದು ಹೋಳು ಅಂದೆ. ಅತ್ತೆ ಹೋಳನ್ನು ತಿಂದು, "ಹಣ್ಣು ಚೆನ್ನಾಗೈತೆ. ಗುಂಡು ನಾಳೆ ಎತ್ತಾನ," ಅಂದರು.

ಇದೆಲ್ಲ ಈಗ ನಗುತ್ತ ಹೇಳುತ್ತಿದ್ದೇನೆ. ಆಗ ನಗು ಬರುತ್ತಿರಲಿಲ್ಲ. ಅತ್ತೆಗೆ ಸಣ್ಣಗೆ ಜ್ವರ ಶುರುವಾಯಿತು. ಎರಡು ಮಾತಾಡಿದರೆ ನಡುವೆ ನಿಲ್ಲಿಸುತ್ತಿದ್ದರು. ಕೆಮ್ಮು ಬಂದರೆ ಕಣ್ಣು ಬಿಗಿಯಾಗಿ ಮುಚ್ಚಿ, ಗುಟುಕು ನೀರು ನುಂಗಿದ ಹಾಗೆ ಅದನ್ನು ಒಳಗೇ ನುಂಗಿಬಿಡುತ್ತಿದ್ದರು. "ಡಾಕ್ಟರ ಹತ್ರ ಹೋಗೋಣ" ಅಂದರೆ, "ಹುಳ ಜ್ವರಕ್ಕೆ ಕೂತ್ಕಳಲ್ವಾ, ಅಂಗೆ ಕೂತಿದೀನಿ. ಎದ್ದು ಸೊಪ್ಪು ತಿಂತೀನಿ ಬಿಡು," ಎನ್ನುತ್ತಿದ್ದರು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಹುಳವೇನೋ ಏಳುತ್ತದೆ. ಅತ್ತೆ ಏಳುವ ಲಕ್ಷಣ ಕಾಣಲಿಲ್ಲ.

ಕೋಲಾರದ ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಎಕ್ಸ್-ರೇ ತೆಗೆಸಿ ಬೆಳಕಿಗೆ ಹಿಡಿದು ಎಡಗಡೆಯ ತಳ ತೋರಿಸಿದರು. "ಇಲ್ಲಿಗೆ ಗಾಳಿನೇ ಹೋಗ್ತಾ ಇಲ್ಲ. ಮಾತ್ರೆ ಬರೆದುಕೊಡ್ತೀನಿ. ಆದರೆ ಮಾತ್ರೆ ಉಸಿರಾಡಲ್ಲ, ಅವರೇ ಆಡಬೇಕು. ಇದು ಹೀಗೇ ಮುಂದುವರಿದರೆ ನ್ಯುಮೋನಿಯಾ ಆಗುತ್ತೆ, ಮತ್ತೆ ಅಡ್ಮಿಟ್ ಮಾಡಬೇಕಾಗುತ್ತೆ. ಈ ಸಲ ಕಷ್ಟ," ಅಂದರು. ವಾಪಸ್ಸು ಬರುವಾಗ ಇವರು ರಸ್ತೆಯನ್ನೇ ನೋಡುತ್ತ ಕಾರು ಓಡಿಸುತ್ತಿದ್ದರು, ಒಂದೆರಡು ಸಲ ಕಣ್ಣೊರೆಸಿಕೊಂಡಿದ್ದನ್ನು ನಾನು ಕಂಡೂ ಕಾಣದ ಹಾಗೆ ಕೂತಿದ್ದೆ.

ಮಾರನೇ ದಿನ ಬೆಳಿಗ್ಗೆ ಅತ್ತೆಯ ತಲೆ ಬಾಚುತ್ತಿದ್ದೆ. ಮುಖ ಎದುರುಬದುರಾಗಿದ್ದರೆ ಆಡಲಾಗದ ಮಾತು ತಲೆ ಬಾಚುವಾಗ ಸುಲಭವಾಗಿ ಬರುತ್ತದೆ. "ಯಾಕತ್ತೆ ಮಾಡಲ್ಲ ಅಂತೀರಿ? ನನ್ನ ಮೇಲೆ ಕೋಪಾನಾ?" ಅಂದೆ. "ಕೋಪ ಏನಿಲ್ಲ ಸುಜಾತಾ. ಎದೆ ಮೂಳೆ ಸೀಳಿ ತಂತಿ ಹಾಕಿ ಕಟ್ಟವ್ರಂತಲ್ಲ. ಮೂಟೆ ಬಾಯಿ ಹೊಲ್ದಂಗೆ. ಜೋರಾಗಿ ಉಸ್ರು ಎಳೆದ್ರೆ ಬಿಚ್ಕಂಬಿಡ್ತೈತೆ ಅಂತ ಭಯ. ಕೆಮ್ಮಿದ್ರಂತೂ ಒಳಗೆ ಏನೋ ಜರುಗ್ದಂಗೆ ಆಯ್ತದೆ," ಅಂದರು. ಆ ತಂತಿ ಭದ್ರವಾಗಿರುತ್ತೆ, ಏನೂ ಆಗಲ್ಲ, ಡಾಕ್ಟರೇ ಹೇಳಿದ್ದಾರೆ ಎಂದು ನಾನು ಸಮಾಧಾನ ಹೇಳಿದೆ. ಅತ್ತೆ ತಲೆಯಾಡಿಸಿದರು. ನಾನು ಹೇಳಿದ್ದನ್ನು ನಂಬಿ ಅಲ್ಲ, ಪಾಪ ಇಷ್ಟು ಹೇಳುತ್ತಿದ್ದಾಳಲ್ಲ ಎಂದು. ಇಡೀ ಊರನ್ನು ಕೂಗಿ ಎಬ್ಬಿಸುತ್ತಿದ್ದ ಹೆಂಗಸು ಕೆಮ್ಮಿಗೆ ಹೆದರಿ ಮುದುಡಿ ಕೂತಿದ್ದನ್ನು ನೋಡಿ ನನಗೆ ಕೈಯಲ್ಲಿದ್ದ ಜಡೆ ಹೆಣೆಯಲು ಆಗಲಿಲ್ಲ. ಎರಡು ಸಲ ತಪ್ಪಿ, ಬಿಚ್ಚಿ, ಮತ್ತೆ ಹೆಣೆದೆ.

ಅವತ್ತೇ ಮಧ್ಯಾಹ್ನ ಬಾಗಿಲಲ್ಲಿ ಚಿಕ್ಕತ್ತೆ ನಾರಾಯಣಮ್ಮ ಬಂದು ನಿಂತಿದ್ದರು.

ಇಲ್ಲಿ ಸ್ವಲ್ಪ ಹಿಂದಿನದನ್ನು ಹೇಳಲೇಬೇಕು. ನಾರಾಯಣಮ್ಮ ಮಾವನವರ ತಮ್ಮನ ಹೆಂಡತಿ, ಅಂದರೆ ಅತ್ತೆಯ ವಾರಗಿತ್ತಿ. ಊರಿನಲ್ಲಿ ಎರಡು ಮನೆಗೂ ಒಂದೇ ಗೋಡೆ. ಆಂಧ್ರದ ಕಡೆಯ ಊರಿನಿಂದ ಚಿಕ್ಕ ವಯಸ್ಸಿಗೇ ಮದುವೆಯಾಗಿ ಬಂದಾಗ ಅವರಿಗೆ ಕನ್ನಡ ಬರುತ್ತಿರಲಿಲ್ಲ, ರೇಷ್ಮೆ ಹುಳ ಕಂಡರೆ ಕಿರುಚುತ್ತಿದ್ದರಂತೆ. ಅತ್ತೆ ಅವರ ಅಂಗೈ ಬಿಡಿಸಿ ಒಂದು ಹುಳ ಇಟ್ಟು, ಮೇಲೆ ತನ್ನ ಕೈ ಮುಚ್ಚಿ, "ನೋಡು, ತಣ್ಣಗೈತೆ, ಅಷ್ಟೇ," ಎಂದು ಭಯ ಬಿಡಿಸಿದರಂತೆ. ಹುಳ ಸಾಕುವುದನ್ನೂ ಕನ್ನಡವನ್ನೂ ಒಟ್ಟಿಗೇ ಕಲಿಸಿದವರು ಅತ್ತೆಯೇ. ಅಕ್ಕತಂಗಿಯರ ಹಾಗಿದ್ದ ಇಬ್ಬರೂ ಒಂದು ಚಂದ್ರಿಕೆಯ ಸಲುವಾಗಿ ಮಾತು ಬಿಟ್ಟರು. ಚಂದ್ರಿಕೆ ಎಂದರೆ ಪೂರ್ತಿ ಬಲಿತು ಹಣ್ಣಾದ ಹುಳಗಳನ್ನು ಗೂಡು ಕಟ್ಟಲೆಂದು ಬಿಡುವ ಬಿದಿರಿನ ದೊಡ್ಡ ತಟ್ಟಿ. ಚಿಕ್ಕತ್ತೆ ಒಂದು ಬೆಳೆಗೆಂದು ಕೇಳಿ ಇಸಿದುಕೊಂಡು ಹೋದದ್ದು ಮುರಿದು ವಾಪಸ್ಸು ಬಂತು. ಮುರಿದೇ ಕೊಟ್ಟಿದ್ದು ಎಂದು ಚಿಕ್ಕತ್ತೆ, ನೆಟ್ಟಗೆ ಕೊಟ್ಟಿದ್ದೆ ಎಂದು ಅತ್ತೆ. ವರ್ಷಗಳು ಹೋದವು. ಚಿಕ್ಕಮಾವ ತೀರಿಕೊಂಡಾಗ ಅತ್ತೆ ಕಾರ್ಯ ಮುಗಿಯುವವರೆಗೂ ಆ ಮನೆಯಲ್ಲೇ ಇದ್ದು, ಬಂದವರಿಗೆಲ್ಲ ಅಡುಗೆ ಮಾಡಿ ಬಡಿಸಿ, ಚಿಕ್ಕತ್ತೆಯ ಬಾಯಿಗೆ ತಾವೇ ತುತ್ತು ಇಟ್ಟು ಬಂದರು. ಮಾತು ಮಾತ್ರ ಆಡಲಿಲ್ಲ.

ಅಂಥ ನಾರಾಯಣಮ್ಮ ಒಂದು ಚೀಲದಲ್ಲಿ ನುಗ್ಗೆಸೊಪ್ಪು, ಹುರಿಹಿಟ್ಟು ಹಿಡಿದುಕೊಂಡು ಬಸ್ಸಿನಲ್ಲಿ ಬಂದಿದ್ದರು. ಒಳಗೆ ಬಂದು, ಅತ್ತೆಯ ಮಂಚಕ್ಕೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತು ನನ್ನನ್ನು ಕೇಳಿದರು. "ಹೆಂಗವ್ಳಮ್ಮ ನಿಮ್ಮತ್ತೆ?"

ಮಂಚದ ಮೇಲಿನಿಂದ ಅತ್ತೆ ನನಗೆ ಹೇಳಿದರು. "ಇನ್ನೂ ಸತ್ತಿಲ್ಲ ಅಂತೇಳಮ್ಮ ಆಯಮ್ಮನಿಗೆ."

"ಸಾಯೋದ್ ನೋಡಕ್ ಬಂದಿಲ್ಲ ಅಂತೇಳು. ನುಗ್ಗೆಸೊಪ್ಪು ಕೊಡಕ್ ಬಂದೆ."

"ನಮ್ಮನೇಲೂ ನುಗ್ಗೆಮರ ಐತೆ ಅಂತೇಳು."

ಹೀಗೆ ನಾನು ಟೆಲಿಫೋನಿನ ತಂತಿಯ ಹಾಗೆ ನಡುವೆ ನಿಂತಿದ್ದೆ. ಯಾರಿಗೂ ಏನೂ ಹೇಳುವ ಅಗತ್ಯವಿರಲಿಲ್ಲ. ಇಬ್ಬರೂ ನಾನು ಬಾಯಿ ತೆರೆಯುವ ಮುಂಚೆಯೇ ಉತ್ತರ ಕೊಡುತ್ತಿದ್ದರು. ಮರದಿಂದ ಮಾತು ತೋಟಕ್ಕೆ, ತೋಟದಿಂದ ಹುಳದ ಮನೆಗೆ ಹೋಯಿತು. ಅಲ್ಲಿಗೆ ಹೋದ ಮೇಲೆ ಚಂದ್ರಿಕೆ ಎಷ್ಟು ದೂರ? "ಒಂದು ಮುರುಕು ತಟ್ಟಿಗೋಸ್ಕರ ಮಾತ್ ಬಿಟ್ಟೋರು ನಾವಲ್ಲ," ಎಂದು ಚಿಕ್ಕತ್ತೆ ಗೊಣಗಿದ್ದೇ ತಡ, ಅತ್ತೆ ದಡಕ್ಕನೆ ಎದ್ದು ಕೂತರು. ಬೆನ್ನು ನೆಟ್ಟಗಾಯಿತು. ಆಪರೇಷನ್ ಆದಮೇಲೆ ನಾನು ಕಂಡಿರದಷ್ಟು ದೊಡ್ಡ ಉಸಿರೊಂದನ್ನು ಎಳೆದುಕೊಂಡು, "ಮುರುಕು ತಟ್ಟಿ ಅಂತೀಯೇನೇ! ನಮ್ಮಪ್ಪ ನಿಂತು ಕಟ್ಟಿಸಿಕೊಟ್ಟಿದ್ದ ಚಂದ್ರಿಕೇನ!" ಎಂದು ಕೂಗಿಯೇ ಕೂಗಿದರು. ಹೊರಗೆ ಮನೆ ಮಾಲೀಕರ ಸೈಕಲ್ಲು ಬಿದ್ದ ಸದ್ದಾಯಿತು.

ಆ ಕೂಗಿನ ಹಿಂದೆಯೇ ಕೆಮ್ಮು ಬಂತು. ಎಷ್ಟೋ ದಿನದಿಂದ ನುಂಗಿ ನುಂಗಿ ಇಟ್ಟುಕೊಂಡಿದ್ದ ಕೆಮ್ಮು. ಅತ್ತೆ ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದು, ಬಾಯಿ ಬಿಗಿದು, ಅದನ್ನು ತಡೆಯಲು ಒದ್ದಾಡತೊಡಗಿದರು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು. ನಾನು ದಿಂಬಿಗಾಗಿ ತಡಕಾಡುತ್ತಿದ್ದೆ. ಅಷ್ಟರಲ್ಲಿ ಚಿಕ್ಕತ್ತೆ ಕುರ್ಚಿ ತಳ್ಳಿ ಎದ್ದು, ದಿಂಬು ಎಳೆದುಕೊಂಡು ಅತ್ತೆಯ ಎದೆಗೆ ಒತ್ತಿ, ಪಕ್ಕದಲ್ಲಿ ಕೂತು ಎರಡೂ ತೋಳಿನಿಂದ ದಿಂಬಿನ ಸಮೇತ ತಬ್ಬಿಕೊಂಡುಬಿಟ್ಟರು. "ದಗ್ಗಕ್ಕಾ," ಅಂದರು. "ದಗ್ಗು. ನೇನು ಪಟ್ಟುಕುನ್ನಾನು ಗದಾ."

ಅಂದರೆ, ಕೆಮ್ಮಕ್ಕಾ, ನಾನು ಹಿಡಿದುಕೊಂಡಿದ್ದೀನಲ್ಲ ಎಂದು. ನಮ್ಮ ಮನೆಯಲ್ಲಿ ಎರಡು ಭಾಷೆಗೂ ಬೇರೆ ಬೇರೆ ಕೆಲಸವಿದೆ. ಜಗಳ, ವ್ಯವಹಾರ, ಲೆಕ್ಕಾಚಾರವೆಲ್ಲ ಕನ್ನಡದಲ್ಲಿ. ಒಳಗಿನ ಮಾತು ಬಂದಾಗ ಇಬ್ಬರಿಗೂ ಗೊತ್ತಾಗದ ಹಾಗೆ ತೆಲುಗು ಬಂದುಬಿಡುತ್ತದೆ. ಅತ್ತೆ ಒಂದು ಸಲ ಆ ಮುಖವನ್ನು ನೋಡಿದರು. "ಬಿಚ್ಕಂಡ್ರೆ?" ಅಂದರು, ಚಿಕ್ಕ ಮಗುವಿನ ಹಾಗೆ. "ಬಿಚ್ಕಳಕ್ ಬಿಡ್ತೀನಾ ನಾನು? ಕೆಮ್ಮು," ಅಂದರು ಚಿಕ್ಕತ್ತೆ. ಅತ್ತೆ ಕೆಮ್ಮಿದರು. ಮತ್ತೆ ಮತ್ತೆ ಕೆಮ್ಮಿದರು. ಪ್ರತಿ ಸಲವೂ ಆ ತೋಳುಗಳು ಬಿಗಿಯಾಗುತ್ತಿದ್ದವು. ನಾನು ಬಟ್ಟಲು ಹಿಡಿದೆ. ಕಟ್ಟಿಕೊಂಡಿದ್ದ ಕಫ ಹೊರಗೆ ಬಂತು. ಎಲ್ಲ ಮುಗಿದ ಮೇಲೆ ಅತ್ತೆ ಬೆವತು, ಸುಸ್ತಾಗಿ, ವಾರಗಿತ್ತಿಯ ಹೆಗಲಿಗೆ ತಲೆಯಿಟ್ಟು ಕೂತರು. ಎದೆ ಏರಿ ಇಳಿಯುತ್ತಿತ್ತು, ತಳದವರೆಗೂ. ಬಿಚ್ಚಿಕೊಂಡಿರಲಿಲ್ಲ.

ಇನ್ನು ರಾಜಿಯಾಯಿತು ಎಂದುಕೊಂಡು ನಾನು ಕಣ್ಣೊರೆಸಿಕೊಂಡು ಕಾಫಿ ಮಾಡಲು ಹೋದೆ. ಲೋಟ ಹಿಡಿದು ಬರುವಷ್ಟರಲ್ಲಿ ಚಿಕ್ಕತ್ತೆ ಕುರ್ಚಿಗೆ ವಾಪಸ್ಸಾಗಿದ್ದರು. "ಮುರಿದೇ ಕೊಟ್ಟಿದ್ದು ಅಂತೇಳು ನಿಮ್ಮತ್ತೆಗೆ," ಅಂದರು.

ಸಂಜೆ ಅವರನ್ನು ಬಸ್ಸು ಹತ್ತಿಸಲು ಹೋದೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತದ್ದೇ ಚಿಕ್ಕತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. "ಒಳಗ್ ಬಂದಾಗ ಅಕ್ಕನ ದನಿ ಅಷ್ಟ್ ಸಣ್ಣಗಾಗಿದ್ದು ಕೇಳಿ ಎದೆ ಒಡ್ದೋಯ್ತಮ್ಮ. ಗೋಡೆ ಈಚೆಗೆ ಕೂತು ಅಷ್ಟು ವರ್ಷ ಆ ದನಿ ಕೇಳ್ಕಂಡೇ ಎದ್ದೋಳು ನಾನು. ಅದು ಇಲ್ದೆ ಈಗ ಬೆಳಗಾಗಲ್ಲ ನಂಗೆ," ಅಂದರು. ಮೂಗು ಒರೆಸಿಕೊಂಡು ಇನ್ನೊಂದು ಮಾತು ಹೇಳಿದರು. "ಚಂದ್ರಿಕೆ ಮುರಿದಿದ್ದು ನಾನೇ. ಇಳಿಸ್ವಾಗ ಕೈ ಜಾರ್ತು. ಹೇಳ್ಬಿಡಾನ ಅಂತ್ಲೇ ತಗಂಡ್ ಹೋದೆ. ಬಾಗ್ಲಲ್ಲೇ ಅಕ್ಕ, 'ಮುರ್ಕಂಡ್ ಬಂದ್ಯಾ?' ಅಂದ್ಬಿಟ್ಳು, ಅಷ್ಟ್ ಜನದ್ ಮುಂದೆ. ನಂಗೂ ರೋಷ ಬಂತು."

"ಈಗ ಹೇಳಿಬಿಡಿ ಚಿಕ್ಕತ್ತೆ. ಎಲ್ಲ ಸರಿಹೋಗುತ್ತೆ," ಅಂದೆ.

"ಈಗಾ?" ಚಿಕ್ಕತ್ತೆ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ಈಗ ಹೇಳಿದ್ರೆ ನಾಳೆ ಯಾತಕ್ಕೆ ಕೂಗ್ತಾಳೆ? ಮೊದ್ಲು ಎದೆ ಸರಿಹೋಗ್ಲಿ."

ಮನೆಗೆ ಬಂದರೆ ಅತ್ತೆ ಬಾಗಿಲನ್ನೇ ನೋಡುತ್ತಿದ್ದರು. "ಬಸ್ಸು ಸಿಕ್ತಾ ಅವ್ಳಿಗೆ?" ಅಂದರು. ಸಿಕ್ಕಿತು ಅಂದೆ. "ಸೀಟು?" ಕಿಟಕಿ ಪಕ್ಕ ಸಿಕ್ಕಿತು ಅಂದೆ. "ಸಿಗ್ಲಿ. ನಂಗೇನು," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಮಾರನೇ ದಿನದಿಂದ ಚಿಕ್ಕತ್ತೆ ಬೆಳಿಗ್ಗೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗತೊಡಗಿದರು. ಜಗಳದಿಂದ ಶ್ವಾಸಕೋಶ ವಾಸಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಯಾರೂ ಮನೆಯಲ್ಲಿ ಪ್ರಯೋಗ ಮಾಡಬೇಡಿ. ವಾಸಿ ಮಾಡಿದ್ದು ಆ ಗುಂಡುಗಳೇ, ದಿಂಬೇ, ಡಾಕ್ಟರ ಮಾತ್ರೆಯೇ. ಆದರೆ ಅವನ್ನು ಮಾಡಿಸಲು ನನ್ನಿಂದ ಆಗಿರಲಿಲ್ಲವಲ್ಲ. ಚಿಕ್ಕತ್ತೆ ಮಾಡಿಸಿದ್ದು ಹೀಗೆ: ಸಾಮಾನನ್ನು ರಾಗಿಹಿಟ್ಟಿನ ಡಬ್ಬದ ಹಿಂದಿನಿಂದ ತೆಗೆದು ಮಂಚದೆದುರಿನ ಸ್ಟೂಲಿನ ಮೇಲಿಟ್ಟರು. ಒಂದು ಸಲ ಸುತ್ತ ನೋಡಿ, "ಇದನ್ನ ಎತ್ತಕ್ಕಾಗ್ತಿಲ್ವಾ ನಿಮ್ಮತ್ತೆಗೆ? ಬಿಡು ಪಾಪ, ವಯಸ್ಸಾಯ್ತು," ಅಂದರು. ಅಷ್ಟೇ. ಅತ್ತೆ ಪೈಪು ಕಿತ್ತುಕೊಂಡು ಎಳೆದ ರಭಸಕ್ಕೆ ಗುಂಡು ಮೇಲಿನ ಮುಚ್ಚಳಕ್ಕೆ ಟಣ್ ಎಂದಿತು. "ನಿಧಾನ ಅತ್ತೆ, ನಿಧಾನವಾಗಿ ಎಳೀಬೇಕು," ಎಂದು ನಾನು ಓಡಿಬಂದೆ. "ಕೇಳಿದ್ಯಾ? ನಿಧಾನಕ್ ಎಳೆಯೋದೇ ಕಷ್ಟ ಅಂತೆ. ಅದು ಎಲ್ರಿಗೂ ಬರಲ್ಲ," ಅಂದರು ಚಿಕ್ಕತ್ತೆ. ಅತ್ತೆ ನಿಧಾನವಾಗಿಯೂ ಎಳೆದು ತೋರಿಸಿದರು. ಗುಂಡನ್ನು ಮೇಲೆ ನಿಲ್ಲಿಸಿಕೊಂಡು ಕಣ್ಣಂಚಿನಲ್ಲಿ ವಾರಗಿತ್ತಿಯನ್ನು ನೋಡುತ್ತಿದ್ದರು. ನಡುನಡುವೆ ಕೆಮ್ಮು ಬಂದರೆ ಚಿಕ್ಕತ್ತೆ ಬೈಗುಳವನ್ನು ಅರ್ಧಕ್ಕೆ ನಿಲ್ಲಿಸಿ, ಎದ್ದು ಬಂದು ತಬ್ಬಿ ಹಿಡಿದು, ಕೆಮ್ಮು ಮುಗಿದ ಮೇಲೆ ಕುರ್ಚಿಗೆ ಹೋಗಿ ಉಳಿದರ್ಧ ಬೈಯುತ್ತಿದ್ದರು. ಎರಡನೇ ಗುಂಡು ಎದ್ದ ದಿನ ಚಿಕ್ಕತ್ತೆ ಅಡುಗೆಮನೆಗೆ ಹೋಗಿ ಹುರಿಹಿಟ್ಟಿಗೆ ಬೆಲ್ಲ ಕಲಸಿ ತಂದು ಮಂಚದ ಮೇಲಿಟ್ಟರು. ಅತ್ತೆ ಅದನ್ನು ಎರಡು ಪಾಲು ಮಾಡಿದರು.

ಮತ್ತೆ ತೋರಿಸಲು ಹೋದಾಗ ಕೋಲಾರದ ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು, ಎಡಗಡೆ, ಬಲಗಡೆ, ಮತ್ತೆ ಎಡಗಡೆ ಕೇಳಿ ಹುಬ್ಬೇರಿಸಿದರು. "ತಳದವರೆಗೂ ಗಾಳಿ ಹೋಗ್ತಾ ಇದೆ. ಬಹಳ ಚೆನ್ನಾಗಿದೆ. ಯಾರು ಮಾಡಿಸಿದ್ದು ಇದನ್ನ?" ಅಂದರು. ನಾನು ವಿನಯದಿಂದ ತಲೆ ತಗ್ಗಿಸಲು ಸಿದ್ಧಳಾಗುತ್ತಿದ್ದೆ. ಅತ್ತೆ, "ನಮ್ಮ ವಾರಗಿತ್ತಿ ದಿನಾ ಬರ್ತಾಳೆ ಸಾರ್," ಅಂದರು. ಡಾಕ್ಟರು ಯಾರೋ ನರ್ಸಮ್ಮನ ವಿಷಯ ಎಂದುಕೊಂಡಿರಬೇಕು. "ಒಳ್ಳೇ ಟ್ರೈನಿಂಗ್ ಆದೋರು ಅನ್ಸುತ್ತೆ," ಅಂದರು. ಅತ್ತೆ ಸೆರಗು ಸರಿಮಾಡಿಕೊಂಡು, "ಊ ಸಾರ್. ಟ್ರೈನಿಂಗು ನಾನ್ ಕೊಟ್ಟಿದ್ದೇ," ಅಂದರು. ಇವರು ಬಾಗಿಲ ಕಡೆ ತಿರುಗಿ ನಗು ತಡೆದುಕೊಂಡರು.

ಶಾಲೆ ಶುರುವಾಗುವ ಹೊತ್ತಿಗೆ ಅತ್ತೆ ಊರಿಗೆ ಹೊರಟರು. ಭಾರ ಎತ್ತುವ ಹಾಗಿಲ್ಲ, ಬಗ್ಗಿ ಕೆಲಸ ಮಾಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಚಿಕ್ಕತ್ತೆ ಕೇಳಿಸಿಕೊಂಡು, "ನಾನಿದೀನಿ," ಎಂದು ಅದನ್ನೂ ನನಗೇ ಹೇಳಿದರು.

ಒಂದು ಭಾನುವಾರ ನಾನೂ ಇವರೂ ನೋಡಿಕೊಂಡು ಬರಲು ಹೋದೆವು. ಊರಿನ ಕೆರೆ ಏರಿ ದಾಟುವಾಗಲೇ ಅತ್ತೆಯ ದನಿ ಕೇಳಬೇಕಿತ್ತು. ಕೇಳಲಿಲ್ಲ. ಇವರು ಗಾಡಿ ನಿಲ್ಲಿಸುವಷ್ಟರಲ್ಲಿ ನಾನು ಹಿತ್ತಲಿಗೆ ಓಡಿದ್ದೆ. ಹುಳದ ಮನೆಯ ಮುಂದಿನ ಜಗಲಿಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿದ್ದರು. ಚಿಕ್ಕತ್ತೆ ಮರಿ ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದರು, ಅತ್ತೆ ಒಳ್ಳೇ ಎಲೆ ಆರಿಸಿ ಕೊಡುತ್ತಿದ್ದರು. ಇಬ್ಬರೂ ತೆಲುಗಿನಲ್ಲಿ ಪಿಸುಗುಟ್ಟುತ್ತಿದ್ದರು. ಚಿಕ್ಕತ್ತೆ ಚಂದ್ರಿಕೆಯ ವಿಷಯ ಹೇಳಿಬಿಟ್ಟಿದ್ದರಂತೆ. "ನಂಗೆ ಅವತ್ತೇ ಗೊತ್ತಿತ್ತು. ಇವ್ಳ ಮುಖ ನೋಡಿದ್ರೆ ಗೊತ್ತಾಗಲ್ವಾ?" ಎಂದರು ಅತ್ತೆ, ಅದೇನು ದೊಡ್ಡ ವಿಷಯವೇ ಎನ್ನುವ ಹಾಗೆ.

ನನಗೆ ಹೆಮ್ಮೆಯಾಯಿತು. ಇದರಲ್ಲಿ ನನ್ನ ಪಾಲೂ ಇದೆಯಲ್ಲ ಎಂದುಕೊಂಡು, ಪಕ್ಕದಲ್ಲಿ ಕೂತು ಇನ್ನೊಂದು ಕತ್ತಿ ತೆಗೆದುಕೊಂಡೆ. ಹಳೆಯ ಜಗಳವೇನೋ ಮುಗಿದಿತ್ತು. ಆದರೆ ಅಷ್ಟು ಚೆನ್ನಾಗಿ ಅಭ್ಯಾಸವಾದ ಉಸಿರು ಸುಮ್ಮನಿರುತ್ತದೆಯೇ? ಅದು ಹೊಸ ವಿಷಯ ಹುಡುಕುತ್ತಿತ್ತೆಂದು ನನಗೆ ಹೊಳೆದಿರಲಿಲ್ಲ. ಅತ್ತೆ ನನ್ನ ಕೈ ನೋಡಿ, "ಹುಳಕ್ಕೆ ಹೆಚ್ತಾ ಇದಾಳೋ ಹಸೂಗೋ, ಕೇಳು," ಅಂದರು, ಗಟ್ಟಿಯಾಗಿ. ಚಿಕ್ಕತ್ತೆ ಅಷ್ಟೇ ಗಟ್ಟಿಯಾಗಿ, "ಸಾರೂ ಅಂಗೇ ಮಾಡ್ತಾಳಕ್ಕಾ. ಅಷ್ಟು ದಿನ ತಿಂದಿಲ್ವಾ ನಾನು? ಬಾಯಿ ಬಿಟ್ಟು ಹೇಳ್ಲಿಲ್ಲ, ನಿನ್ನ ಮುಖ ನೋಡ್ಕಂಡು," ಅಂದರು. ಇಬ್ಬರೂ ಒಂದೇ ಸಲ ನಕ್ಕರು. ಪಕ್ಕದ ಹೊಲದಲ್ಲಿ ಟೊಮೇಟೊ ಕೀಳುತ್ತಿದ್ದವರು ತಲೆಯೆತ್ತಿ ನೋಡಿದರು. ನಾನೂ ತಕ್ಕ ಉತ್ತರ ಕೊಡಬೇಕೆಂದು ಬೆನ್ನು ನೆಟ್ಟಗೆ ಮಾಡಿ ದೊಡ್ಡದಾಗಿ ಉಸಿರು ಎಳೆದುಕೊಂಡೆ. ಅದನ್ನು ಹಾಗೇ ಹೊರಗೆ ಬಿಟ್ಟು, ತಲೆ ತಗ್ಗಿಸಿ, ಸೊಪ್ಪನ್ನು ಸಣ್ಣಗೆ ಹೆಚ್ಚತೊಡಗಿದೆ. ಅದು ತೀರಾ ಸಣ್ಣಗಾಯಿತಂತೆ.